ನಮಗ ಸಮುದ್ರದಾಗ ಏನ ಕೆಲಸ?

ಇತ್ತೀಚೆಗೆ ಧಾರವಾಡದಲ್ಲಿ ಒಂದು ಹೊಸ ಕಾಟ ಶುರುವಾಗಿದೆ. ಮುಂಜಾನೆ ಕರ್ನಾಟಕ ಕಾಲೇಜಿನ ಮೈದಾನದಲ್ಲಿ ನಾಲ್ಕು ಸುತ್ತು ಹಾಕಿ, ಕಟ್ಟೆಯ ಮೇಲೆ ಕೂತು ದಣಿವಾರಿಸಿಕೊಳ್ಳುವಷ್ಟರಲ್ಲಿ ಯಾರಾದರೊಬ್ಬರು ಪಕ್ಕಕ್ಕೆ ಸರಿದು ಮೊಬೈಲನ್ನು ಮೂಗಿನ ತನಕ ತರುತ್ತಾರೆ. “ಸರ, ಒಂದ ನಿಮಿಷ ಇದನ್ನ ನೋಡ್ರಿ.” ನೋಡಿದರೆ ನೀಲಿ ನೀರು. ನೀರಿನೊಳಗೆ ಒಂದು ಮನುಷ್ಯಾಕೃತಿ. ಕಣ್ಣು ಮೂಗು ಸೇರಿಸಿ ಗಾಜಿನ ಮುಚ್ಚಳ, ಬಾಯೊಳಗೆ ರಬ್ಬರಿನ ತುಂಡು, ತಲೆಯ ಮೇಲೆ ಗುಳ್ಳೆಗಳ ಮೆರವಣಿಗೆ, ಹಿನ್ನೆಲೆಗೆ ಯಾವುದೋ ಸಿನಿಮಾದ ಹಾಡು. “ಗುರ್ತು ಹತ್ತೇತೇನ್ರಿ?” ಎಂದು ಪ್ರಶ್ನೆ. ಹತ್ತುವುದು ಹೇಗೆ? ಮಾರಿಯಲ್ಲಿ ಕಾಣುವುದು ಎರಡು ಗಲ್ಲ ಮಾತ್ರ. ಆ ಎರಡು ಗಲ್ಲ ಇಡೀ ಧಾರವಾಡ ಜಿಲ್ಲೆಯಲ್ಲಿ ಯಾರದ್ದೂ ಆಗಿರಬಹುದು. ನಾನು ಸುಮ್ಮನೆ ಇದ್ದರೆ ಅವರೇ ಹೇಳುತ್ತಾರೆ: “ಇಂವಾ ನಾನs ರೀ!”

ಹೋದ ಚಳಿಗಾಲದಲ್ಲಿ ಒಂದು ವಿಡಿಯೊಕ್ಕೆ ಇಬ್ಬರು ಹಕ್ಕುದಾರರು ಹುಟ್ಟಿಕೊಂಡರು. ಒಬ್ಬರು ಲೈನ್ ಬಜಾರದ ಅಂಗಡಿಕಾರರು, ಇನ್ನೊಬ್ಬರು ಅವರ ಷಡ್ಕ. ಒಂದೇ ದೋಣಿಯಲ್ಲಿ ಹೋಗಿದ್ದವರು, ಒಂದೇ ತುಣುಕನ್ನು ಇಬ್ಬರೂ ಮನೆಮಂದಿಗೆಲ್ಲ ಕಳಿಸಿ ಮೆಚ್ಚುಗೆ ಪಡೆದಿದ್ದರು. ಕಟ್ಟೆಯ ಮೇಲೆ ವ್ಯಾಜ್ಯ ಬಂತು. ಲೋಕೋಪಯೋಗಿ ಇಲಾಖೆಯಲ್ಲಿದ್ದು ನಿವೃತ್ತರಾದ ಎಂಜಿನಿಯರ್ ಸಾಹೇಬರು ಕನ್ನಡಕ ಏರಿಸಿ, ಚಿತ್ರವನ್ನು ಹಿಗ್ಗಿಸಿ, ಕುಗ್ಗಿಸಿ, ಅಳತೆ ತೆಗೆದು ತೀರ್ಪು ಕೊಟ್ಟರು: “ಮಾರಿ ಬಿಡ್ರಿ, ಹೊಟ್ಟಿ ನೋಡ್ರಿ. ಇದು ಪೇಢೆ ತಿಂದ ಹೊಟ್ಟಿ. ಅಂಗಡಿಯವರದs.” ಸೋತ ಷಡ್ಕ ಅವತ್ತಿನ ಚಹಾದ ಬಿಲ್ಲು ಕೊಡದೆ ಎದ್ದು ಹೋದರು.

ಇವರೆಲ್ಲ ಮುಳುಗಿ ಬರುವುದು ನೇತ್ರಾಣಿಯಲ್ಲಿ. ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರು ಒಳಗೆ, ಅರಬಿ ಸಮುದ್ರದಲ್ಲಿ ಎದ್ದು ನಿಂತ ಒಂದು ಗುಡ್ಡ ಅದು. ಒಂದು ಕಾಲಕ್ಕೆ ಮೀನುಗಾರರಿಗೂ ನೌಕಾಪಡೆಯವರಿಗೂ ಹಕ್ಕಿಗಳನ್ನು ಹುಡುಕಿ ಹೋಗುವವರಿಗೂ ಬಿಟ್ಟರೆ ಬೇರೆ ಯಾರಿಗೂ ಅದರ ಹೆಸರು ಗೊತ್ತಿರಲಿಲ್ಲ. ಈಗ ಹಾಗಲ್ಲ. ನಟ ಅಪ್ಪು ತೀರಿಕೊಂಡು ಒಂದು ವರ್ಷದ ಹೊತ್ತಿಗೆ, 2022ರ ಅಕ್ಟೋಬರ್ 28ರಂದು, ‘ಗಂಧದ ಗುಡಿ’ ತೆರೆಗೆ ಬಂತಲ್ಲ, ಅದರಲ್ಲಿ ಅವರು ನೀರಿಗಿಳಿದು ಮೀನುಗಳ ನಡುವೆ ತೇಲಾಡಿದ್ದನ್ನು ನೋಡಿ ಬಂದ ನಮ್ಮ ತಂಗಿಯ ಮಗ, ಥೇಟರಿನ ಹೊರಗೆ ಕಣ್ಣೊರೆಸಿಕೊಳ್ಳುತ್ತಲೇ, “ಮಾಮಾ, ನಾವೂ ಹೋಗೂಣು” ಎಂದ. ಅಳುವಾಗ ಕೇಳಿದ್ದಕ್ಕೆ ಇಲ್ಲ ಅನ್ನಲು ಆಗುವುದಿಲ್ಲ. ಹೂಂ ಅಂದುಬಿಟ್ಟೆ. ಹೂಂ ಅಂದದ್ದನ್ನು ಮನೆಯಲ್ಲಿ ಹೇಳಿದಾಗ ನಮ್ಮ ಮನೆಯವರು ಕೇಳಿದ್ದು ಇಷ್ಟೇ: “ನಮಗ ಸಮುದ್ರದಾಗ ಏನ ಕೆಲಸ?”

ಉತ್ತರ ಕೊಡುವುದು ಕಷ್ಟವೇ. ನನಗೆ ಈಸು ಬರುವುದಿಲ್ಲ. ಬರಬೇಕಿತ್ತು. ನಮ್ಮ ಊರಿನ ಹೊಲದ ಬಾವಿಯಲ್ಲಿ ಬೆನ್ನಿಗೆ ಎಣ್ಣೆಯ ಖಾಲಿ ಡಬ್ಬಿ ಕಟ್ಟಿ ಹುಡುಗರನ್ನು ಒಳಕ್ಕೆ ದೂಡುವುದು ಬೇಸಿಗೆಯ ಸೂಟಿಯ ಪದ್ಧತಿ. ನಮ್ಮ ಕಾಕಾ ದೂಡಿದ. ಡಬ್ಬಿ ತೇಲಿತು, ನಾನೂ ಅದರ ಕೆಳಗೆ ತೇಲಿದೆ. ಹೀಗೆ ಕೆಲವು ದಿನ ತೇಲಿಸಿ, ಡಬ್ಬಿ ಬಿಚ್ಚಿ ದೂಡುವ ದಿನ ಬಂದಾಗ ನನಗೆ ಜ್ವರ ಬಂತು. ಆ ಜ್ವರ ಪ್ರತಿ ಬೇಸಿಗೆಯಲ್ಲೂ ಅದೇ ದಿನಕ್ಕೆ ಸರಿಯಾಗಿ ಬರುತ್ತಾ, ಬಾವಿಯ ನೀರು ಕೆಳಗಿಳಿದು, ಬೋರ್‌ವೆಲ್ಲುಗಳು ಬಂದು, ಬಾವಿಯೇ ಬತ್ತಿದ ಮೇಲೆ ತಾನಾಗಿ ಬಿಟ್ಟು ಹೋಯಿತು. ಆಮೇಲೆ ಧಾರವಾಡಕ್ಕೆ ಬಂದು ನೆಲೆಸಿದೆ. ಇಲ್ಲಿ ಈಸು ಕಲಿಯುವ ಮಾತು ಹಾಗಿರಲಿ, ನೀರು ಕಾಣುವುದೇ ಒಂದು ಹಬ್ಬ. ಅವಳಿ ನಗರದಲ್ಲಿ ಕೆಲವು ಓಣಿಗಳಿಗೆ 24 ತಾಸೂ ನೀರು ಬರುತ್ತದೆ. ಆ ಓಣಿಗಳಿಗೆ ಹೆಣ್ಣು ಕೊಡಲು ಜನ ಮುಂದೆ ಬರುತ್ತಾರೆಂದು ಪ್ರತೀತಿ. ನಮ್ಮ ಓಣಿ ಅಂಥದ್ದಲ್ಲ. ನಮಗೆ ‘ನಳಾ ಬರೂದು’ ಅಂದರೆ ದಿನಗಟ್ಟಲೆ ಕಾದು, ಹಿಂದಿನ ರಾತ್ರಿ ಟಾಕಿ ತೊಳೆದು, ಕೊಡ, ಬಕೀಟು, ಹಂಡೆ, ಕೊನೆಗೆ ಹಿತ್ತಾಳೆಯ ತಂಬಿಗೆಯನ್ನೂ ಸಾಲಾಗಿ ನಿಲ್ಲಿಸಿ, ನಸುಕಿನಲ್ಲಿ ಎದ್ದು ಕೂಡುವ ವ್ರತ. ನಳದೊಳಗೆ ಮೊದಲು ಗಾಳಿ ಬುಸುಗುಡುತ್ತದೆ. ಆ ಸಪ್ಪಳಕ್ಕೆ ಇಡೀ ಓಣಿ ಎದ್ದು ಕೂಡುತ್ತದೆ. ಇಂಥವನು ದುಡ್ಡು ಕೊಟ್ಟು ಇಡೀ ಮೈಯನ್ನು ನೀರಿನಲ್ಲಿ ಮುಳುಗಿಸಿಕೊಂಡು ಬರುತ್ತೇನೆಂದರೆ ಮನೆಯಲ್ಲಿ ಪ್ರಶ್ನೆ ಏಳದೆ ಇರುತ್ತದೆಯೆ?

ಆದರೂ ಪ್ರಶ್ನೆ ನನ್ನನ್ನು ಕಾಡಿತು. ಮರುದಿನ ವಾಕಿಂಗಿಗೆ ಮೈದಾನ ಬಿಟ್ಟು ಉಳವಿ ಬಸಪ್ಪನ ಗುಡಿಯ ಕಡೆಗೆ ನಡೆದೆ. ಆ ಗುಡಿ ನಿಂತ ದಿಣ್ಣೆಯ ಬಗ್ಗೆ ಧಾರವಾಡದ ಮಂದಿ ಬಹಳ ಹೆಮ್ಮೆಯಿಂದ ಒಂದು ಮಾತು ಹೇಳುತ್ತಾರೆ: ಮಳೆ ಅದರ ಮೂಡಣಕ್ಕೆ ಬಿದ್ದರೆ ಬಂಗಾಲ ಕೊಲ್ಲಿಗೆ, ಪಡುವಣಕ್ಕೆ ಬಿದ್ದರೆ ಅರಬಿ ಸಮುದ್ರಕ್ಕೆ. ಊರ ದಕ್ಷಿಣಕ್ಕೆ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಆಯ್ಕೆ ಮಾಡಿಕೊಂಡದ್ದು ಪಡುವಣವನ್ನೇ. ಬೇಡ್ತಿಯ ಸಂಗಡ ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂದು ಹೆಸರು ಬದಲಿಸಿಕೊಂಡು, ಅಂಕೋಲೆ–ಗೋಕರ್ಣಗಳ ನಡುವೆ ಕಡಲಿಗೆ ಸೇರುತ್ತದೆ. ಅಂದರೆ ನಮ್ಮೂರ ಮಳೆ ಯಾರನ್ನೂ ಕೇಳದೆ ಯಾವಾಗಿನಿಂದಲೂ ಅಲ್ಲಿಗೆ ಹೋಗಿ ಬರುತ್ತಿದೆ. ಬರುತ್ತಿದೆ ಎಂದರೂ ಸುಳ್ಳಲ್ಲ. ಜೂನ್ ತಿಂಗಳಲ್ಲಿ ಮೋಡವಾಗಿ ಘಟ್ಟ ಹತ್ತಿ ವಾಪಸು ಬಂದು ನನ್ನ ಛತ್ರಿಯ ಮೇಲೆ ಬೀಳುವುದು ಅದೇ ತಾನೆ.

ಹತ್ತಿಯೂ ನಮಗಿಂತ ಮೊದಲೇ ಸಮುದ್ರ ಕಂಡಿತ್ತು. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಾಗ, ಧಾರವಾಡ ಸೀಮೆಯ ಹತ್ತಿಗೆ ಚಿನ್ನದ ಬೆಲೆ ಬಂತು. ಎತ್ತಿನ ಬಂಡಿಗಳು ಅಂಡಿಗೆ ಹೇರಿಕೊಂಡು ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗುತ್ತಿದ್ದವು. ಬೆಳೆದದ್ದು ನಮ್ಮ ಎರಿ ಹೊಲದಲ್ಲಿ, ಪೇಟೆಯಲ್ಲಿ ಹೆಸರು ಬಂದದ್ದು ‘ಕುಮಟಾ ಹತ್ತಿ’ ಎಂದು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರಲ್ಲಿಯೂ ಕಾರವಾರ ಬಂದರಿನ ಮೇಲಿನ ಆಸೆ ಇತ್ತು. ಆ ಜಿಲ್ಲೆಯ ಹುಡುಗರು ಕಾಲೇಜಿಗೆಂದು ಘಟ್ಟ ಹತ್ತಿ ಧಾರವಾಡಕ್ಕೆ ಬಂದರು, ನಮ್ಮ ಹತ್ತಿ ಘಟ್ಟ ಇಳಿದು ಹೋಯಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಮಾತ್ರ ತೊಂಬತ್ತರ ದಶಕದಿಂದ ಕಾಗದದ ಮೇಲೆ ಓಡುತ್ತಿದೆ. ಕಾಡಿನ ಪರವಾಗಿ ನಿಂತವರ ಮಾತೂ ನನಗೆ ಸರಿ ಅನಿಸುತ್ತದೆ, ರೈಲು ಬೇಕೆನ್ನುವವರದೂ ಸರಿ ಅನಿಸುತ್ತದೆ. ನಾನು ಯಾವತ್ತೂ ಹೀಗೆಯೇ, ಅದಕ್ಕೇ ನನ್ನನ್ನು ಯಾವ ಸಮಿತಿಗೂ ತೆಗೆದುಕೊಳ್ಳುವುದಿಲ್ಲ.

ಕಲಘಟಗಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ ಕಾರಿನೊಳಗೆ ಗಾಳಿಯ ರುಚಿ ಬದಲಾಗುತ್ತದೆ. ಚಳಿಯ ಅಂಗಿ ಬಿಚ್ಚಬೇಕಾಗುತ್ತದೆ. ಅಂಕೋಲೆಯ ನಂತರ ತಂಗಿಯ ಮಗ ಕಿಟಕಿ ಇಳಿಸಿ ಮೀನಿನ ವಾಸನೆಯನ್ನು ಎದೆತುಂಬ ಎಳೆದುಕೊಂಡ. ಅವನ ಮನೆಯಲ್ಲೂ ನಮ್ಮ ಮನೆಯಲ್ಲೂ ಮೀನು ತಿನ್ನುವವರಿಲ್ಲ. ಈ ಅಭ್ಯಾಸವನ್ನು ಅವನು ಎಲ್ಲಿ ಕಲಿತ ಎಂದು ನಾನು ಕೇಳಲಿಲ್ಲ. ಕೇಳಬಾರದ್ದನ್ನು ಕೇಳದಿರುವುದೇ ಮಾಮನ ಘನತೆ.

ಮುರ್ಡೇಶ್ವರದಲ್ಲಿ ಇಳಿದಾಗ ಪರದೇಶಕ್ಕೆ ಬಂದ ಭಾವನೆ ಬರಲಿಲ್ಲ. ಆ 123 ಅಡಿಯ ಶಿವ, ಲಿಫ್ಟಿನಲ್ಲಿ ಹತ್ತಿ ನೋಡುವ 237 ಅಡಿಯ ರಾಜಗೋಪುರ, ಎಲ್ಲವೂ ಆರ್.ಎನ್. ಶೆಟ್ಟರು ಕಟ್ಟಿಸಿದ್ದು. ಮುರ್ಡೇಶ್ವರದಲ್ಲಿ ಹುಟ್ಟಿ, ಶಿರಸಿಯಲ್ಲಿ ಗುತ್ತಿಗೆ ಹಿಡಿದು, ಹುಬ್ಬಳ್ಳಿಗೆ ಬಂದು ಬೆಳೆದವರು. ಉಣಕಲ್ ಕೆರೆಯ ದಂಡೆಯ ಹೋಟೆಲು ಅವರದು, ನಮ್ಮ ಧಾರವಾಡದ ಸ್ಟೇಡಿಯಮ್ಮಿಗೆ ಅವರದೇ ಹೆಸರು. ಹುಬ್ಬಳ್ಳಿಯಲ್ಲಿ ಗಳಿಸಿದ್ದರಲ್ಲಿ ಒಂದಷ್ಟು ಇಲ್ಲಿ ಶಿವನಾಗಿ ಕೂತಿದೆ ಎಂಬ ಲೆಕ್ಕ ಮನಸ್ಸಿನಲ್ಲಿ ಹಾಕಿ, ಶಿವನ ಕಡೆಗೆ ಸ್ವಲ್ಪ ಹಕ್ಕಿನಿಂದಲೇ ನೋಡಿದೆ.

ಮರುದಿನ ಮುಂಜಾನೆ ದೋಣಿ. ಹತ್ತುವ ಮುಂಚೆ ಒಂದು ಫಾರಮ್ಮು ತುಂಬಿಸಿಕೊಳ್ಳುತ್ತಾರೆ: ದಮ್ಮಿನ ರೋಗ ಇದೆಯೆ, ಹೃದಯದ ತೊಂದರೆ ಇದೆಯೆ, ಕಿವಿ ಸೋರುತ್ತದೆಯೆ. ಈಸು ಬರುತ್ತದೆಯೆ ಎಂಬುದಕ್ಕೆ ‘ಇಲ್ಲ’ ಎಂದು ಬರೆದರೂ ಅವರಿಗೆ ಬೇಸರವಿಲ್ಲ. ಮೊದಲ ಸಲ ಮುಳುಗುವವರನ್ನು ಒಬ್ಬೊಬ್ಬರಿಗೆ ಒಬ್ಬೊಬ್ಬ ಹುಡುಗ ಹಿಡಿದುಕೊಂಡೇ ಇಳಿಸುತ್ತಾನೆ. ದೋಣಿಯಲ್ಲಿ ಬೆಂಗಳೂರಿನ ಗುಂಪೊಂದು ಹಾಡುತ್ತಾ ಬಂತು. ಅರ್ಧ ದಾರಿಗೆ ಹಾಡು ನಿಂತಿತು. ಮುಕ್ಕಾಲು ದಾರಿಗೆ ಅವರೆಲ್ಲ ದೋಣಿಯ ಅಂಚಿಗೆ ಬಾಗಿ ಇಡ್ಲಿಯನ್ನು ಸಮುದ್ರಕ್ಕೆ ಹಿಂದಿರುಗಿಸುತ್ತಿದ್ದರು. ನಮ್ಮಿಬ್ಬರಿಗೆ ಏನೂ ಆಗಲಿಲ್ಲ. ಅವಳಿ ನಗರದ ರಸ್ತೆಗಳಲ್ಲಿ ವರ್ಷಾನುಗಟ್ಟಲೆ ಸ್ಕೂಟರ್ ಹೊಡೆದವರ ಹೊಟ್ಟೆಯನ್ನು ಅಲೆಗಳು ಅಲುಗಿಸಲಾರವು.

ನೇತ್ರಾಣಿ ಮೇಲಿನಿಂದ ನೋಡಿದರೆ ಹೃದಯದ ಆಕಾರವಂತೆ, ಫೋಟೋಗಳಲ್ಲಿ ಹಾಗೆಯೇ ಕಾಣುತ್ತದೆ. ದೋಣಿಯಿಂದ ಕಾಣುವುದು ಕಡಿದಾದ ಬಂಡೆ, ಬಂಡೆಯ ನೆತ್ತಿಯ ಮೇಲೆ ದಟ್ಟ ಹಸಿರು. ಕಾಲಿಡಲು ಬೀಚು ಇಲ್ಲ, ನಮ್ಮಂಥವರಿಗೆ ಇಳಿಯಲು ಬಿಡುವುದೂ ಇಲ್ಲ. ಬ್ರಿಟಿಷರು ಇದನ್ನು ಪಿಜನ್ ಐಲ್ಯಾಂಡ್ ಎಂದು ನಕಾಶೆಯಲ್ಲಿ ಬರೆದುಕೊಂಡಿದ್ದರು, ಪಾರಿವಾಳಗಳ ದೆಸೆಯಿಂದ. ಮೀನುಗಾರರ ಪಾಲಿಗೆ ಇದು ಜಟ್ಟಿಗ ದೇವರ ಜಾಗ. ಹರಕೆ ಹೊತ್ತವರು ಆಡು, ಕೋಳಿ ತಂದು ಜೀವಂತ ಬಿಟ್ಟು ಹೋಗುತ್ತಾರೆ. ಆ ಆಡುಗಳ ಸಂತಾನ ಮೇಲೆ ಬೆಳೆದಿದೆ. ಅದೇ ಗುಡ್ಡಕ್ಕೆ ನೌಕಾಪಡೆ ವರ್ಷಗಟ್ಟಲೆ ಗುರಿ ಇಟ್ಟು ಗುಂಡು ಹಾರಿಸುವ ತಾಲೀಮು ಮಾಡಿತು. ಪರಿಸರದ ಜನ ಅದರ ವಿರುದ್ಧ ಕೂಗಾಡಿದರು. ಜಟ್ಟಿಗನಿಗೆ ಬಿಟ್ಟ ಆಡು, ತಲೆಯ ಮೇಲೆ ಹಾರುವ ಗುಂಡಿನ ಸದ್ದು ಕೇಳಿ ಏನು ತಿಳಿದುಕೊಂಡಿತೋ. ನಾವು ಹೋದಾಗ ಬಂಡೆಯ ತುದಿಯಲ್ಲಿ ಒಂದು ಆಡು ನಿಂತಿತ್ತು, ಕೆಳಗೆ ರಬ್ಬರಿನ ಅಂಗಿ ತೊಡುತ್ತಿದ್ದ ನಮ್ಮನ್ನು ಬಹಳ ಹೊತ್ತು ನೋಡಿತು. ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದೊಂದು ರೆಕ್ಕೆ ಅಲುಗಿಸದೆ ಸುತ್ತುತ್ತಿತ್ತು. ಇಲ್ಲಿಯ ಮರಗಳ ಮೇಲೆ ಅವು ತಲೆಮಾರುಗಳಿಂದ ಗೂಡು ಕಟ್ಟುತ್ತಾ ಬಂದಿವೆ. ಹದ್ದು ನೋಡುತ್ತಾ ಕೂತವನ ಸೊಂಟಕ್ಕೆ ಯಾರೋ ಸೀಸದ ಬಿಲ್ಲೆಗಳ ಪಟ್ಟಿ ಬಿಗಿದರು. ಬೆನ್ನಿಗೆ ಸಿಲಿಂಡರು ಹತ್ತಿತು. ಬಾವಿಯ ಕಾಲದಲ್ಲಿ ಬೆನ್ನಿನ ಡಬ್ಬಿ ಇದ್ದದ್ದು ತೇಲಿಸಲು; ಇಲ್ಲಿ ಬೆನ್ನಿಗೆ ಕಟ್ಟಿದ್ದು ಮುಳುಗಿಸಲು. ಕಾಕಾ ನೋಡಬೇಕಿತ್ತು.

ನನ್ನ ಪಾಲಿಗೆ ಬಂದ ಹುಡುಗ ಭಟ್ಕಳದ ಕಡೆಯವನು. “ಹೆದರಬೇಡಿ ಸರ್. ಬಾಯಲ್ಲೇ ಉಸಿರು. ಉಸಿರು ಹಿಡಿದಿಟ್ಟುಕೊಳ್ಳೋದು ಒಂದು ಮಾಡಬೇಡಿ. ಕಿವಿ ನೋವಾದರೆ ಮೂಗು ಹಿಡಿದು ಮೆಲ್ಲಗೆ ಊದಿ. ಮತ್ತೆ, ಕೆಳಗೆ ಮಾತಾಡಲಿಕ್ಕೆ ಆಗೋದಿಲ್ಲ.” ಕೊನೆಯ ಮಾತು ಹೇಳುವಾಗ ನನ್ನನ್ನೇ ನೋಡಿದ. ದಂಡೆಯಿಂದ ಇಲ್ಲಿಯವರೆಗೆ ನಾನು ಅವನಿಗೆ ಕುಮಟಾ ಹತ್ತಿಯ ಇತಿಹಾಸವನ್ನು ಪೂರ್ತಿ ಹೇಳಿ ಮುಗಿಸಿದ್ದೆ.

ಇಳಿದೆವು. ಮೊದಲ ಎರಡು ಮೀಟರಿನಲ್ಲಿ ಕಿವಿಗೆ ಹಿಡಿದದ್ದು ನಿಜ. ಮೂಗು ಹಿಡಿದು ಊದಿದೆ, ಟಪ್ ಎಂದು ತೆರೆಯಿತು. ನೀರಿನಲ್ಲಿ 10 ಮೀಟರು ಇಳಿದರೆ ಮೈಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ ಎಂದು ಶಾಲೆಯಲ್ಲಿ ಓದಿದ್ದು ಕಿವಿಗೆ ಅರ್ಥವಾಗಲು ಇಷ್ಟು ವರ್ಷ ಬೇಕಾಯಿತು. ಆಮೇಲೆ ಒಂದೇ ಸಪ್ಪಳ: ನನ್ನ ಉಸಿರು. ಎಳೆದುಕೊಂಡಾಗ ಬುಸ್, ಬಿಟ್ಟಾಗ ಗುಳಗುಳ. ನಮ್ಮ ಓಣಿಯಲ್ಲಿ ನಸುಕಿಗೆ ಕೇಳುವ ಸಪ್ಪಳವೇ. ಒಂದು ಕ್ಷಣ ಕೊಡ ಎಲ್ಲಿಟ್ಟೆ ಎಂದು ಕೈ ತಾನಾಗಿ ಹುಡುಕಿತು.

ಕೈ ನೋಡಿಕೊಂಡೆ. ಮಣಿಕಟ್ಟಿನ ಕೆಂಪು ದಾರ, ಜಾತ್ರೆಯಲ್ಲಿ ಕಟ್ಟಿಸಿಕೊಂಡದ್ದು, ಕಂದು ಬಣ್ಣಕ್ಕೆ ತಿರುಗಿತ್ತು. ನೀರು ಬೆಳಕಿನಲ್ಲಿಯ ಕೆಂಪನ್ನು ಎಲ್ಲಕ್ಕಿಂತ ಮೊದಲು ನುಂಗುತ್ತದೆ. ಮೇಲೆ ಬಂದಾಗ ಮತ್ತೆ ಕೆಂಪಾಯಿತು ಎಂದು ತಿಳಿಸಿಬಿಡುತ್ತೇನೆ, ದೇವರ ದಾರದ ವಿಷಯ. ಅಷ್ಟರಲ್ಲಿ ಇನ್ನೊಂದು ಸಪ್ಪಳ ಕೇಳಿತು. ಕಟ್, ಕಟ್, ಕಟ್. ಯಾರೋ ಬಂಡೆಯ ಹಿಂದೆ ಕೂತು ಹುರಿಗಡಲೆ ಕಡಿಯುತ್ತಿದ್ದಾರೆ ಎನ್ನಬೇಕು. ಹುಡುಗ ಬೆರಳು ತೋರಿಸಿದ. ನೀಲಿ ಹಸಿರು ಮೈಯ ಗಿಳಿಮೀನು. ಅದರ ಹಲ್ಲುಗಳು ಒಂದಕ್ಕೊಂದು ಕೂಡಿ ಗಿಳಿಯ ಕೊಕ್ಕೇ ಆಗಿವೆ. ಹವಳದ ಬಂಡೆಗೆ ಬಾಯಿ ಹಾಕಿ ಪಾಚಿಯ ಜೊತೆಗೆ ಕಲ್ಲನ್ನೂ ಕೆರೆದು ತಿನ್ನುತ್ತದೆ. ಕಲ್ಲು ಗಂಟಲಿನಲ್ಲಿ ಅರೆದು ಪುಡಿಯಾಗಿ ಹಿಂದಿನಿಂದ ಮರಳಾಗಿ ಬೀಳುತ್ತದೆ. ನನ್ನ ಮುಂದೆಯೇ ಒಂದು ಬಿಳಿಯ ಮೋಡ ಬಿಟ್ಟು ಮುಂದಿನ ಬಂಡೆಗೆ ಹೋಯಿತು. ಇವುಗಳ ದೊಡ್ಡ ಜಾತಿಯ ಒಂದೊಂದು ಮೀನು ವರ್ಷಕ್ಕೆ ನೂರು ಕಿಲೋಕ್ಕೂ ಹೆಚ್ಚು ಮರಳು ಮಾಡುತ್ತದೆ. ಹವಳ ದ್ವೀಪಗಳ ಬೆಳ್ಳನೆಯ ಬೀಚಿನಲ್ಲಿ ಮಧುಚಂದ್ರಕ್ಕೆ ಹೋದವರು ಬರಿಗಾಲಲ್ಲಿ ನಡೆದಾಡುವುದು ಬಹುಪಾಲು ಇದರ ಮೇಲೆಯೇ.

ಇದನ್ನು ತಕ್ಷಣ ಯಾರಿಗಾದರೂ ಹೇಳಬೇಕು ಅನಿಸಿತು. ತಂಗಿಯ ಮಗ ನಾಲ್ಕು ಮಾರು ದೂರದಲ್ಲಿ ತೇಲುತ್ತಿದ್ದ. ಬಾಯಲ್ಲಿ ರಬ್ಬರು. ಹುಟ್ಟಿದಾಗಿನಿಂದ ಕಂಡದ್ದನ್ನು ಕಂಡ ಗಳಿಗೆಯಲ್ಲೇ ಬಾಯಿಬಿಟ್ಟು ಹೇಳಿ ಬೆಳೆದವನು ನಾನು. ಧಾರವಾಡದಲ್ಲಿ ಮಳೆ ಬಂದರೂ ಎದುರಿಗಿದ್ದವನಿಗೆ “ಮಳಿ ಬಂತ್ ನೋಡ್ರಿ” ಎಂದು ಹೇಳಿದ ಮೇಲೆಯೇ ಅದು ಬಂದಂತೆ ಲೆಕ್ಕ. ಇಲ್ಲಿ ಹಳದಿ ಪಟ್ಟೆಯ ಚಿಟ್ಟೆಮೀನುಗಳು ಜೋಡಿಜೋಡಿಯಾಗಿ ಬಂದವು, ಕಲ್ಲಿನ ಬಿರುಕಿನಿಂದ ಹಾವುಮೀನೊಂದು ಬಾಯಿ ತೆರೆದು ಮುಚ್ಚಿ ನನ್ನನ್ನು ವಿಚಾರಿಸಿತು. ನನ್ನಿಂದ ಒಂದು ಟೀಕೆ, ಒಂದು ಟಿಪ್ಪಣಿ ಹೊರಬೀಳಲಿಲ್ಲ. ಹೇಳದೆ ಉಳಿದದ್ದೆಲ್ಲ ಒಳಗೆ ಹೋಗಿ ಕೂತಿತು. ಗಿಳಿಮೀನನ್ನು ಇನ್ನೊಮ್ಮೆ ನೋಡಿದೆ, ಮತ್ತೊಮ್ಮೆ ನೋಡಿದೆ. ಕೆನ್ನೆಯ ಮೇಲೆ ಗುಲಾಬಿ ಬಣ್ಣದ ಅಂಕುಡೊಂಕು ಗೆರೆ ಇತ್ತು. ಮಾತಾಡುವ ಅವಕಾಶ ಇದ್ದಿದ್ದರೆ ಅದು ಖಂಡಿತ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಮೇಲೆ ಬಂದು ರಬ್ಬರು ತೆಗೆದ ಕೂಡಲೇ ಇಬ್ಬರೂ ಒಟ್ಟಿಗೆ ಮಾತಾಡತೊಡಗಿದೆವು, ದಂಡೆ ಮುಟ್ಟುವವರೆಗೂ ನಿಲ್ಲಿಸಲಿಲ್ಲ. ಹುಡುಗ ನಗುತ್ತಾ ಕೇಳಿದ: “ಊಟ ಎಲ್ಲಿ ಸರ್? ಬಂಗಡೆ, ತಾರ್ಲೆ, ಇಸೋಣ, ಎಲ್ಲ ಫ್ರೆಶ್ ಸಿಗ್ತದೆ.” ನಾವು ಅನ್ನ ಸಾರಿನವರು ಎಂದೆ. ಅವನಿಗೆ ಕನಿಕರವಾಯಿತು. ಅವನು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ರೂಮು ಮಾಡಿ ಓದಿದವನಂತೆ. “ನಿಮ್ಮಲ್ಲಿ ಒಂದೇ ಬಕೆಟ್ ನೀರಲ್ಲಿ ಸ್ನಾನ, ಬಟ್ಟೆ, ಎರಡೂ ಮುಗಿಸೋದು ಕಲಿತೆ ಸರ್. ಅದರ ಮುಂದೆ ಈ ಡೈವಿಂಗ್ ಎಲ್ಲ ಸುಲಭ” ಎಂದ. ಆಮೇಲೆ ನಾವು ಯಾವಾಗ ಹೊರಡುವುದು ಎಂದು ವಿಚಾರಿಸಿ, ಈಗಲೇ ಎಂದಾಗ ತಲೆ ಆಡಿಸಿದ. ನೀರಿನಡಿಯಲ್ಲಿ ಒತ್ತಡದ ಗಾಳಿ ಉಸಿರಾಡಿದಾಗ ರಕ್ತದಲ್ಲಿ ಸಾರಜನಕ ಕರಗಿ ಕೂತಿರುತ್ತದೆ. ಒತ್ತಡ ಒಮ್ಮೆಲೇ ಇಳಿದರೆ, ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ, ಅದು ಗುಳ್ಳೆಯಾಗಿ ಏಳುತ್ತದೆ. ಅದಕ್ಕೇ ಮುಳುಗಿದವರು, ಒಂದೇ ಸಲ ಮುಳುಗಿದ್ದರೂ, ಕನಿಷ್ಠ 12 ತಾಸು ವಿಮಾನ ಹತ್ತಬಾರದು. ವಿಮಾನವೇ ಆಗಬೇಕೆಂದಿಲ್ಲ, 2,000 ಅಡಿಗಿಂತ ಎತ್ತರದ ಊರಾದರೂ ಅಷ್ಟೇ. ನೀವು ಇಳಿದದ್ದು ಕಡಿಮೆ, ಏನೂ ಆಗುವುದಿಲ್ಲ, ಆದರೂ ಇವತ್ತು ಇದ್ದು ನಾಳೆ ಹೋಗಿ ಎಂದ.

ಹುಬ್ಬಳ್ಳಿ 2,000 ಅಡಿಯ ಗೆರೆಯನ್ನು ಸ್ವಲ್ಪವೇ ದಾಟುತ್ತದೆ. ಧಾರವಾಡ ಅದಕ್ಕಿಂತಲೂ ಮೇಲೆ. ಹುಬ್ಬಳ್ಳಿಯವರಿಗಿಂತ ನಾವು ಎತ್ತರದವರು ಎಂದು ಧಾರವಾಡದವರು ಮೊದಲಿನಿಂದ ನಂಬಿದ್ದಕ್ಕೆ ಸಮುದ್ರ ಮಟ್ಟದಲ್ಲಿ ಇಷ್ಟು ಖಚಿತವಾದ ಪುರಾವೆ ಸಿಕ್ಕದ್ದು ಖುಷಿಯೇ. ಮನೆಗೆ ಫೋನು ಹಚ್ಚಿದೆ.

“ಇವತ್ತ ಬರೂದು ಆಗೂದಿಲ್ಲ.”

“ಯಾಕ? ಗಾಡಿ ಕೆಟ್ಟೇತೇನು?”

“ಗಾಡಿ ಛಲೋ ಐತಿ. ಧಾರವಾಡ ಎತ್ತರ ಆಗೇತಿ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಹೋಗೂಮುಂದ ಇಲ್ಲದ ಎತ್ತರ ಬರೂಮುಂದ ಎಲ್ಲಿಂದ ಬಂತು?”

ನಾನು ಸಾರಜನಕ, ಗುಳ್ಳೆ, ಗೋಲಿ ಸೋಡಾ ಎಂದು ವಿವರಿಸತೊಡಗಿದೆ. ಗಿಳಿಮೀನಿನ ತನಕ ಬರುವಷ್ಟರಲ್ಲಿ ಅವರು ತಡೆದರು.

“ಅದೆಲ್ಲಾ ಬಂದ ಮ್ಯಾಲೆ ಹೇಳ್ರಿ. ನಾಳಿ ನಸಿಕಿನ್ಯಾಗ ಐದಕ್ಕ ನಳಾ ಬರತೈತಿ. ಮ್ಯಾಲಿನ ಟಾಕಿ ಕಾಕ್ ನೀವು ಕೀಲಿ ಹಾಕಿ ಹೋಗೀರಿ. ಆ ಕೀಲಿ ಎಲ್ಲೈತಿ?”

ಕೀಲಿ ನನ್ನ ಪ್ಯಾಂಟಿನ ಕಿಸೆಯಲ್ಲಿತ್ತು.